ಭಾವನ ಪೆನ್ಸಿಲ್ವೇನಿಯಾ

ನನ್ನ ಭಾವ ಇಂದಿನವರೆಗೆ ಅಮೆರಿಕದ ಒಂದೇ ಒಂದು ಚುನಾವಣೆಯನ್ನೂ ಸೋತಿಲ್ಲ!

ಸುಳ್ಳಲ್ಲ. ಆನೆ ಗುರುತಿನ ಪಕ್ಷ ಗೆದ್ದಾಗಲೂ ಗೆದ್ದವರು ಭಾವನೇ, ಕತ್ತೆ ಗುರುತಿನ ಪಕ್ಷ ಗೆದ್ದಾಗಲೂ ಗೆದ್ದವರು ಭಾವನೇ. ಫಲಿತಾಂಶ ಬಂದ ಮರುಕ್ಷಣ ಸೋಫಾಕ್ಕೆ ಒರಗಿ, "ನಾನು ಆವತ್ತೇ ಹೇಳಿದ್ದೆ ಅಲ್ವಾ?" ಎನ್ನುತ್ತಾರೆ. ಆವತ್ತು ಹೇಳಿದ್ದು ನಿಜವೇ. ಆದರೆ ಅದರ ಹಿಂದಿನ ದಿನ ಅದಕ್ಕೆ ತದ್ವಿರುದ್ಧವಾದದ್ದನ್ನೂ ಹೇಳಿದ್ದರು. ಅದಕ್ಕೂ ಹಿಂದಿನ ದಿನ, ಎರಡೂ ಆಗಬಹುದು ಎಂದಿದ್ದರು. ಹೀಗೆ ಎಲ್ಲವನ್ನೂ ಮೊದಲೇ ಹೇಳಿಟ್ಟುಕೊಂಡ ಮನುಷ್ಯನನ್ನು ಸೋಲಿಸುವುದು ಯಾವ ಮತದಾರನಿಂದ ಸಾಧ್ಯ, ನೀವೇ ಹೇಳಿ?

ಭಾವ ಎಂದರೆ ನನ್ನ ಅಕ್ಕನ ಗಂಡ. ನಾವು ಮೈಸೂರಿನವರು, ಅವರು ಉಡುಪಿಯವರು. ಅಮೆರಿಕದ ನೆಲಕ್ಕೆ ಅವರು ಕಾಲಿಟ್ಟವರೇ ಅಲ್ಲ. ಬೆಂಗಳೂರಿನಿಂದ ನೇರವಾಗಿ ಹಾಲೆಂಡಿನ ಆಮ್ಸ್ಟೆಲ್‌ವೀನ್‌ಗೆ ಬಂದು, ಒಂದು ಬ್ಯಾಂಕಿನ ಕಂಪ್ಯೂಟರುಗಳ ನಡುವೆ ಕೂದಲು ನರೆಸಿಕೊಂಡವರು. ಅಮೆರಿಕದಲ್ಲಿ ಅವರಿಗೆ ಓಟಿಲ್ಲ. ಭಾರತದ ಪಾಸ್‌ಪೋರ್ಟ್ ಬಿಟ್ಟುಕೊಡಲು ಮನಸ್ಸಿಲ್ಲದ್ದರಿಂದ ಡಚ್ಚರ ಸಂಸತ್ತಿಗೂ ಓಟಿಲ್ಲ. ಭಾರತದ ಓಟನ್ನು ಖುದ್ದಾಗಿ ಹೋಗಿಯೇ ಹಾಕಬೇಕು, ಅಷ್ಟಕ್ಕೆಲ್ಲ ಬ್ಯಾಂಕಿನವರು ರಜೆ ಕೊಡುವುದಿಲ್ಲ. ಉಳಿದದ್ದು ಇಲ್ಲಿನ ನಗರಸಭೆ, ಮತ್ತೆ ಕಾಲುವೆ ಒಡ್ಡುಗಳನ್ನು ನೋಡಿಕೊಳ್ಳುವ ನೀರಿನ ಮಂಡಳಿ. ಅವೆರಡಕ್ಕೆ ವಿದೇಶಿಯರೂ ಕೆಲವು ವರ್ಷ ಕಳೆದ ಮೇಲೆ ಓಟು ಹಾಕಬಹುದು. ಭಾವ ನೀರಿನ ಮಂಡಳಿಗೆ ಹಾಕಿಯೂ ಬಂದರು. ಇಲ್ಲಿ ಪಕ್ಷಗಳು ಎಷ್ಟಿವೆಯೆಂದರೆ, ಮತಪತ್ರ ಹಾಸಿಗೆಯ ಮೇಲುಹೊದಿಕೆಯಷ್ಟು ಅಗಲ. ಅದನ್ನು ಮತ್ತೆ ಮಡಚಲು ಬಾರದೆ, ಮತಗಟ್ಟೆಯ ಅಜ್ಜಿಯನ್ನು ಸಹಾಯಕ್ಕೆ ಕರೆದು, ಇಬ್ಬರೂ ಎರಡು ತುದಿ ಹಿಡಿದು ಸೀರೆ ಮಡಚಿದ ಹಾಗೆ ಮಡಚಿದರಂತೆ.

"ಗುಪ್ತ ಮತದಾನ ಅಂತೆ! ಅರ್ಧ ಊರಿಗೆ ಕಂಡಿತು ಮಾರಾಯ!" ಎಂದು ಮನೆಗೆ ಬಂದು ಗೊಣಗಿದರು. ಅಮೆರಿಕದ ಮೇಲೆ ಅವರಿಗಿದ್ದ ಗೌರವ ಆ ದಿನ ಇನ್ನಷ್ಟು ಹೆಚ್ಚಿತು. ಎರಡೇ ಪಕ್ಷ! ಎಷ್ಟು ಚೊಕ್ಕ!

ಒಂದು ಸಲ ಅಕ್ಕ, ಭಾವ, ನಾನು ಸೂಪರ್ ಮಾರ್ಕೆಟ್ಟಿಗೆ ಹೋಗಿದ್ದೆವು. ನೋಡಿದರೆ ಭಾವ ಕಾಣೆ! ಹುಡುಕಿದಾಗ ಸಿಕ್ಕಿದ್ದು ಮೊಟ್ಟೆಗಳ ಕಪಾಟಿನ ಮುಂದೆ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಮನುಷ್ಯ, ಕೈಕಟ್ಟಿಕೊಂಡು ಅವುಗಳನ್ನೇ ದಿಟ್ಟಿಸುತ್ತಾ ನಿಂತಿದ್ದಾರೆ.

"ಎಂತ ಗೊತ್ತುಂಟಾ?" ಎಂದರು ನನ್ನನ್ನು ಕಂಡವರೇ. "ಓಹಾಯೋದಲ್ಲಿ ಮೊಟ್ಟೆಗೆ ರೇಟು ಏರಿದೆ. ಕುರ್ಚಿಯಲ್ಲಿ ಕೂತವ ಹೋದ ಅಂತಲೇ ಲೆಕ್ಕ."

"ಮೊಟ್ಟೆಗೂ ಕುರ್ಚಿಗೂ ಏನು ಸಂಬಂಧ ಭಾವ?"

"ಮತದಾರನಿಗೆ ಸಿದ್ಧಾಂತ ಎಲ್ಲ ಎಲ್ಲಿ ನೆನಪಿರ್ತದೆ? ಅವನಿಗೆ ನೆನಪಿರುದು ಅಂಗಡಿಯ ಬಿಲ್ಲು. ಅದು ಉದ್ದ ಆಯ್ತು ಅಂದ್ರೆ ಇದ್ದವನನ್ನು ಇಳಿಸ್ತಾನೆ. ಇದ್ದವ ಆನೆಯಾ, ಕತ್ತೆಯಾ ಅಂತ ನೋಡುದಿಲ್ಲ. ಬರುವವನ ಮೇಲೆ ಪ್ರೀತಿ ಇಟ್ಟು ಓಟು ಹಾಕುವವರು ಕಡಿಮೆ, ಹೋಗುವವನ ಮೇಲೆ ಸಿಟ್ಟಿಟ್ಟು ಹಾಕುವವರೇ ಜಾಸ್ತಿ!"

ಹಿಂದಿನಿಂದ ಗಾಡಿ ತಳ್ಳಿಕೊಂಡು ಬಂದ ಅಕ್ಕ ಕೇಳಿದಳು: "ಓಹಾಯೋ ಇರ್ಲಿ. ನಮ್ಮನೆಗೆ ತರೋ ಹಾಲಿಗೆ ಎಷ್ಟಾಗತ್ತೆ, ಹೇಳಿ ನೋಡೋಣ?"

ಭಾವ ಒಂದು ಕ್ಷಣ ಚಾವಣಿ ನೋಡಿದರು.

"ಅದು ಸ್ಥಳೀಯ ವಿಷಯ," ಎಂದರು.

ಟ್ರಾಮಿನಲ್ಲಿ ನಡೆದದ್ದನ್ನಂತೂ ನಾನು ಸಾಯುವವರೆಗೆ ಮರೆಯಲಾರೆ. ಆಮ್ಸ್ಟರ್‌ಡ್ಯಾಮಿಗೆ ಹೊರಟಿದ್ದೆವು. ಎದುರಿನ ಸೀಟಿನಲ್ಲಿ ಸೂಟ್‌ಕೇಸು ಹಿಡಿದು ಕೂತ ವಯಸ್ಸಾದ ದಂಪತಿ. ಮಾತಿನ ಧಾಟಿಯಿಂದಲೇ ಭಾವನ ಕಿವಿ ನೆಟ್ಟಗಾಯಿತು.

"ಯಾವ ರಾಜ್ಯ ನಿಮ್ಮದು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ವಿಸ್ಕಾನ್ಸಿನ್," ಎಂದ ಮುದುಕ.

ಭಾವನ ಮುಖ ನೋಡಬೇಕಿತ್ತು! ಗಂಟೆಗಟ್ಟಲೆ ಸಾಲಿನಲ್ಲಿ ನಿಂತವನಿಗೆ ಗರ್ಭಗುಡಿಯ ಬಾಗಿಲು ತೆರೆದ ಹಾಗೆ! ಅತ್ತ ಇತ್ತ ಓಲಾಡಿ, ಫಲಿತಾಂಶವನ್ನೇ ತಿರುಗಿಸಿಬಿಡುವ ಕೆಲವೇ ರಾಜ್ಯಗಳಲ್ಲಿ ಒಂದು ತಾನಾಗಿ ಬಂದು ಎದುರಿಗೆ ಕೂತಿದೆ, ಅದೂ ಸೂಟ್‌ಕೇಸಿನ ಸಮೇತ! ಯಾವ ಜಿಲ್ಲೆ, ಯಾವ ಊರು ಎಂದೆಲ್ಲ ವಿಚಾರಿಸಿ, ಆ ಊರು ಕಳೆದ ಬಾರಿ ಯಾರಿಗೆ ಓಟು ಹಾಕಿತ್ತು, ಯಾಕೆ ಹಾಕಿತ್ತು ಎಂಬುದನ್ನು ಆ ಊರಿನವರಿಗೇ ವಿವರಿಸಿದರು. ಮುದುಕ ಸೂಟ್‌ಕೇಸನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

"ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದಲೂ ಒಂದೇ ಪಕ್ಷ," ಎಂದ ಹೆಮ್ಮೆಯಿಂದ.

"ಹಾಗಾದರೆ ನಿಮ್ಮನ್ನು ಕಟ್ಟಿಕೊಂಡು ಪ್ರಯೋಜನವಿಲ್ಲ," ಎಂದರು ಭಾವ, ಇದ್ದದ್ದು ಇದ್ದ ಹಾಗೆ. "ನಿಮ್ಮಂಥವರೇ ಜಾಸ್ತಿ. ನಿಮ್ಮನ್ನು ಓಟಿನ ದಿನ ಮನೆಯಿಂದ ಎಬ್ಬಿಸಿ ಹೊರಡಿಸಿದರೆ ಸಾಕು. ಆದರೆ ಗೆಲ್ಲಿಸುವವರು ಬೇರೆ ಇದ್ದಾರೆ. ಬೆರಳೆಣಿಕೆಯ ಜನ. ಅವರು ಮನಸ್ಸು ಬದಲಾಯಿಸುತ್ತಾರೆ, ಯಾರಿಗೂ ಹೇಳುವುದಿಲ್ಲ."

ಕಿಟಕಿಯಾಚೆ ನೋಡುತ್ತಿದ್ದ ಮುದುಕಿಯ ಕತ್ತು ಕೆಂಪಾಗುತ್ತಿರುವುದು ನನಗೆ ಕಾಣಿಸಿತು.

"ನಾನು ಕಳೆದ ಸಲ ಬದಲಾಯಿಸಿದೆ," ಎಂದಳು ಮೆಲ್ಲಗೆ.

"ಏನಂದೆ?" ಎಂದ ಮುದುಕ.

ಅಬ್ಬಬ್ಬಾ, ಮುಂದಿನದನ್ನು ಹೇಗೆ ಹೇಳಲಿ! ದಾಂಪತ್ಯದಲ್ಲಿ ಅಷ್ಟು ವರ್ಷ ಒಟ್ಟಿಗೆ ಊಟ ಮಾಡಿದವರು, ಒಂದೇ ಕಾರಿನಲ್ಲಿ ಮತಗಟ್ಟೆಗೆ ಹೋದವರು! ಅವರು ಇಳಿಯಬೇಕಾದ ಸ್ಟಾಪು ಬಂತು, ಹೋಯಿತು. ನಮ್ಮದೂ ಬಂತು. ಇಳಿದು ತಿರುಗಿ ನೋಡಿದರೆ ಟ್ರಾಮಿನ ಗಾಜಿನೊಳಗೆ ಮುದುಕ ಎರಡೂ ಕೈ ಎತ್ತಿ ಏನೋ ಕೇಳುತ್ತಿದ್ದ.

"ನೋಡಿದ್ಯಾ?" ಭಾವನಿಗೆ ಸಂಭ್ರಮವೋ ಸಂಭ್ರಮ. "ಇದು ಯಾವ ಸಮೀಕ್ಷೆಯವನಿಗೂ ಸಿಗುದಿಲ್ಲ ಮಾರಾಯ!"

ಅಮೆರಿಕದ ಫಲಿತಾಂಶ ನಮಗಿಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಬರುತ್ತದೆ. ಕಳೆದ ಸಲ ಭಾವ ಅದಕ್ಕಾಗಿ ರಜೆ ಹಾಕಿದರು. ಕಾರಣ ಕೇಳಿದ ಡಚ್ ಮ್ಯಾನೇಜರಿಗೆ, "ಬಹಳ ದಿನದಿಂದ ಕಾಯುತ್ತಿದ್ದದ್ದು ನಾಳೆ ಬೆಳಿಗ್ಗೆ ಬರುತ್ತದೆ. ಮನೆಯವರೆಲ್ಲ ಜೊತೆಯಲ್ಲಿರಬೇಕು," ಎಂದಿದ್ದರಂತೆ. ಅವನು ಬಹಳ ಮೃದುವಾಗಿ ಕೈಕುಲುಕಿ ರಜೆ ಕೊಟ್ಟ. ರಜೆ ಮುಗಿಸಿ ಭಾವ ಆಫೀಸಿಗೆ ಹೋದರೆ ಎಲ್ಲರೂ ಎದ್ದುಬಂದು ಅಭಿನಂದಿಸಿದರು. ಡಚ್ಚರಿಗೆ ಅಭಿನಂದಿಸುವುದೆಂದರೆ ಪ್ರಾಣ. ನಿಮ್ಮ ಅತ್ತೆಯ ಹುಟ್ಟುಹಬ್ಬಕ್ಕೂ ನಿಮ್ಮನ್ನೇ ಅಭಿನಂದಿಸುತ್ತಾರೆ. ಹಾಗಾಗಿ ಭಾವನಿಗೆ ಸಂಶಯ ಬರಲಿಲ್ಲ, ತಮ್ಮ ಅಮೆರಿಕ ಪಾಂಡಿತ್ಯಕ್ಕೆ ಕೊನೆಗೂ ಮನ್ನಣೆ ಸಿಕ್ಕಿತೆಂದು ಖುಷಿಪಟ್ಟರು. ಸಂಜೆ ಉಡುಗೊರೆ ಪೊಟ್ಟಣ ಹಿಡಿದು ಮನೆಗೆ ಬಂದರು. ಬಿಚ್ಚಿದರೆ ಹಸುಗೂಸಿನ ಉಣ್ಣೆಯ ಟೋಪಿ!

ಡೆಲ್ಫ್ಟಿನಲ್ಲಿ ಕಾಲೇಜು ಓದುವ ಮಗನಿರುವ ನನ್ನ ಅಕ್ಕ ಆ ವಾರವಿಡೀ ಭಾವನ ಆಫೀಸಿನ ಬೀದಿಯಲ್ಲಿ ಮುಖ ತೋರಿಸಲಿಲ್ಲ.

ಇಷ್ಟಾದರೂ, ಭಾವನಿಗೆ ಯಾವ ಪಕ್ಷ ಇಷ್ಟ ಎಂದು ಮಾತ್ರ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಕೇಳಿದರೆ, "ಡಾಕ್ಟ್ರ ಹತ್ರ ಹೋಗಿ ನಿಮ್ಗೆ ಯಾವ ಜ್ವರ ಇಷ್ಟ ಅಂತ ಕೇಳ್ತೀರಾ?" ಎನ್ನುತ್ತಾರೆ.

ನಮ್ಮ ಕನ್ನಡ ಕೂಟದ ದೀಪಾವಳಿ ಊಟದಲ್ಲಿ ಅವರು ಲಾಡುಗಳನ್ನು ಹಿಡಿದು ಅಮೆರಿಕದ ಮತ ಎಣಿಕೆ ವಿವರಿಸಿದ್ದು ಈಗ ದಂತಕಥೆ. ಮೇಜಿನ ಮೇಲೆ ತಟ್ಟೆಗಳನ್ನಿಟ್ಟು, ಒಂದೊಂದಕ್ಕೂ ರಾಜ್ಯದ ಹೆಸರು ಕೊಟ್ಟು, ಬೂಂದಿ ಲಾಡು ಆನೆಯವರದ್ದು, ರವೆ ಲಾಡು ಕತ್ತೆಯವರದ್ದು ಎಂದು ಹಂಚಿದರು. "ಒಟ್ಟು ಲಾಡು ಯಾರ ಹತ್ರ ಜಾಸ್ತಿ ಅಂತ ಅಲ್ಲ. ಈ ತಟ್ಟೆಯಲ್ಲಿ ಒಂದೇ ಒಂದು ಲಾಡು ಜಾಸ್ತಿ ಇದ್ರೂ ಇಡೀ ತಟ್ಟೆ ಅವರದ್ದು. ಹಾಗಾಗಿ ಲಾಡು ಕಡಿಮೆ ಇದ್ದವನೂ ಗೆಲ್ಲಬಹುದು. ಈಗ ಫ್ಲೋರಿಡಾ ನೋಡಿ..." ಎಂದು ತಿರುಗಿದರೆ ಫ್ಲೋರಿಡಾ ಖಾಲಿ! ಯಾರೋ ತಿಂದಿದ್ದರು.

ಆ ನಗುವಿನ ಮಧ್ಯೆಯೇ ಯಾರೋ ಕೂಗಿದರು: "ಅಮೆರಿಕಾನೇ ಗೆಲ್ಲಿಸೋರು, ನಮ್ ಕೂಟದ ಎಲೆಕ್ಷನ್‌ಗೆ ನಿಂತ್ಕೊಳ್ಳಿ ಸಾರ್!"

ಹಳೆಯ ಅಧ್ಯಕ್ಷರು ಕೆಲಸದ ಮೇಲೆ ಜರ್ಮನಿಗೆ ಹೊರಟಿದ್ದರು. ಆ ಜಾಗಕ್ಕೆ ಶೈಲಜಾ ಮೇಡಂ ಆಗಲೇ ಒಪ್ಪಿದ್ದರು. ಶೈಲಜಾ ಮೇಡಂ ಎಂದರೆ ಪ್ರತಿ ಶನಿವಾರ ಮಕ್ಕಳಿಗೆ ಕನ್ನಡ ಕಲಿಸುವವರು, ಮಕ್ಕಳು ಡಚ್ಚಿನಲ್ಲಿ ಉತ್ತರ ಕೊಟ್ಟರೂ ನಗುತ್ತಲೇ ತಿದ್ದುವವರು. ಅವರೆದುರು ಯಾರಾದರೂ ನಿಲ್ಲುತ್ತಾರೆಯೇ? ಭಾವ ನಿಂತರು! ನನ್ನ ಹತ್ತಿರ ಕಾರಿದೆ ಎಂಬ ಒಂದೇ ಅರ್ಹತೆಯ ಮೇಲೆ ನಾನು ಪ್ರಚಾರ ನಿರ್ವಾಹಕನಾದೆ.

ಮೊದಲ ದಿನವೇ ಭಾವ ಹಾಲೆಂಡಿನ ನಕ್ಷೆಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿದರು. ಆಮ್ಸ್ಟೆಲ್‌ವೀನ್ ಕ್ಯಾಲಿಫೋರ್ನಿಯಾ ಆಯಿತು: "ನಮ್ಮದೇ ಊರು, ಓಟು ಬಿದ್ದೇ ಬೀಳ್ತದೆ, ಪೆಟ್ರೋಲು ಹಾಳು ಮಾಡುದು ಬೇಡ." ಹೇಗ್ ನಗರದ ಪಕ್ಕದ ವೂರ್‌ಬರ್ಗ್ ಟೆಕ್ಸಾಸ್ ಆಯಿತು: "ಅಲ್ಲಿ ನಮ್ಮ ಕರಾವಳಿಯವರೇ ತುಂಬಿದ್ದಾರೆ. ಕೊನೆಗೆ ಒಂದು ಸಲ ಹೋಗಿ ನಮಸ್ಕಾರ ಹೇಳಿದ್ರೆ ಸಾಕು." ಉಳಿದದ್ದು ವಿಮಾನ ನಿಲ್ದಾಣದ ಪಕ್ಕದ ಸಣ್ಣ ಊರು ಬಾಡ್‌ಹೂವೆಡಾರ್ಪ್. ಅಲ್ಲಿ ಕೆಲವೇ ಕನ್ನಡ ಕುಟುಂಬಗಳು, ಬೆಂಗಳೂರಿನವರು, ಮಂಗಳೂರಿನವರು ಎಲ್ಲ ಬೆರಕೆ.

"ಇದು ಪೆನ್ಸಿಲ್ವೇನಿಯಾ," ಎಂದು ಭಾವ ಪೆನ್ನಿನಿಂದ ಸುತ್ತು ಹಾಕಿದರು. "ಇದನ್ನು ಗೆದ್ದವ ಗೆದ್ದ."

ಪಾಪ ಬಾಡ್‌ಹೂವೆಡಾರ್ಪ್! ತಾನು ಪೆನ್ಸಿಲ್ವೇನಿಯಾ ಎಂಬುದು ಆ ಊರಿಗೆ ಇವತ್ತಿಗೂ ಗೊತ್ತಿಲ್ಲ.

ಅಮೆರಿಕದ ಚುನಾವಣೆ ಅಂದಮೇಲೆ ಎದುರಾಳಿಯ ಹುಳುಕು ತೆಗೆಯಬೇಡವೇ? ಭಾವ ಎರಡು ವಾರ ಹುಡುಕಿ ಒಂದು ಹುಳುಕು ತೆಗೆದರು. ಶೈಲಜಾ ಮೇಡಂ ಕೂಟದ ಊಟಕ್ಕೆ ಮಾಡುವ ಪುಳಿಯೋಗರೆಗೆ ಅಂಗಡಿಯ ಸಿದ್ಧಪುಡಿ ಹಾಕುತ್ತಾರೆ! ತಡೆಯಿರಿ ಎಂದು ನಾನು ಹೇಳುವಷ್ಟರಲ್ಲಿ ಕೂಟದ ಮೊಬೈಲ್ ಗುಂಪಿನಲ್ಲಿ ಸಂದೇಶ ಹೋಗಿತ್ತು: "ಪ್ಯಾಕೆಟ್ ಪುಡಿಯ ಸಂಸ್ಕೃತಿ ನಮಗೆ ಬೇಕೇ? ಯೋಚಿಸಿ ಮತ ಚಲಾಯಿಸಿ."

ಅಯ್ಯೋ, ಹಾಲೆಂಡಿನಲ್ಲಿರುವ ಕನ್ನಡಿಗರಲ್ಲಿ ಪ್ಯಾಕೆಟ್ ಪುಡಿ ಬಳಸದ ಪುಣ್ಯಾತ್ಮರು ಯಾರಿದ್ದಾರೆ? ಬೆಳಿಗ್ಗೆ ಎದ್ದು, ಮಕ್ಕಳನ್ನು ಸೈಕಲ್ಲಿನಲ್ಲಿ ಶಾಲೆಗೆ ಬಿಟ್ಟು, ಆಫೀಸಿಗೆ ಓಡುವವರು ಒಣಮೆಣಸು ಹುರಿಯುತ್ತಾ ಕೂರುತ್ತಾರೆಯೇ? ಒಂದೇ ಸಂಜೆಯಲ್ಲಿ ಭಾವ ಇಡೀ ಮತದಾರ ಸಮೂಹವನ್ನು ಬೈದ ಹಾಗಾಯಿತು. ನನ್ನ ಅಕ್ಕ ಎದ್ದು ಹೋಗಿ, ತನ್ನದೇ ಅಡುಗೆಮನೆಯ ಸಾರಿನಪುಡಿ ಪ್ಯಾಕೆಟ್ಟುಗಳನ್ನೆಲ್ಲ ತಂದು ಭಾವನ ನಕ್ಷೆಯ ಮೇಲೆ ಸಾಲಾಗಿ ನಿಲ್ಲಿಸಿದಳು. ಕ್ಯಾಲಿಫೋರ್ನಿಯಾ ಪೂರ್ತಿ ಮುಚ್ಚಿಹೋಯಿತು.

ಮತ್ತೆ ಶೈಲಜಾ ಮೇಡಂ ಪ್ರಚಾರ? ಅವರು ಒಬ್ಬೊಬ್ಬರಿಗೇ ಫೋನು ಮಾಡಿ, "ಮಗು ಕೆಮ್ಮು ಹೋಯ್ತಾ?" ಎಂದು ಕೇಳುತ್ತಿದ್ದರಂತೆ. ಓಟಿನ ಮಾತೇ ಇಲ್ಲ. "ತಂತ್ರಗಾರಿಕೆಯೇ ಇಲ್ಲ ಮಾರಾಯ ಇವರಿಗೆ," ಎಂದು ಭಾವ ಮರುಗಿದರು.

ಕೊನೆಯ ಭಾನುವಾರ ಬಂತು. ಮಧ್ಯಾಹ್ನ ಬಾಡ್‌ಹೂವೆಡಾರ್ಪ್‌ನ ಮನೆಗಳನ್ನು ಬೇಗಬೇಗ ಮುಗಿಸಿ, ಅಲ್ಲಿಂದ ವೂರ್‌ಬರ್ಗಿಗೆ ಹೋಗುವುದು ಎಂದು ನಿಗದಿಯಾಗಿತ್ತು. ವೂರ್‌ಬರ್ಗಿನವರು ಒಂದು ಮನೆಯಲ್ಲಿ ಎಲ್ಲರನ್ನೂ ಸೇರಿಸಿ, ಭಾವನ ಭಾಷಣಕ್ಕೆಂದು ಗೋಳಿಬಜೆ ಕರಿಯಲು ಹಿಟ್ಟು ಕಲಸಿಟ್ಟಿದ್ದರು. ಆ ಓಟುಗಳು ಬಿದ್ದರೆ, ಪುಡಿಯ ಗಲಾಟೆ ಆದರೂ ಭಾವನಿಗೆ ಗೆಲುವಿನ ದಾರಿ ಇತ್ತು.

ಬಾಡ್‌ಹೂವೆಡಾರ್ಪ್‌ನ ಕೊನೆಯ ಮನೆಯ ಗಂಟೆಯನ್ನು ಭಾವ ಒತ್ತಿದ ಮೇಲೆ ನಾನು ಬಾಗಿಲ ಮೇಲಿನ ಹೆಸರು ಓದಿದೆ. ಕೂಟದ ಕಾರ್ಯಕ್ರಮಗಳಿಗೆಲ್ಲ ಮೈಕು, ಸ್ಪೀಕರು ಜೋಡಿಸುತ್ತಿದ್ದವರ ಮನೆ ಅದು. ವೇದಿಕೆಯ ಮೇಲೆ ಬಗ್ಗಿ "ಹಲೋ, ಹಲೋ" ಎನ್ನುತ್ತಿದ್ದ ಅವರ ಸ್ವರ ಗೊತ್ತಿಲ್ಲದವರಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ, ಆಫೀಸಿನಿಂದ ಸೈಕಲ್ಲಿನಲ್ಲಿ ಬಂದು ಎದೆನೋವೆಂದು ಕೂತವರು, ಮತ್ತೆ ಏಳಲಿಲ್ಲ. ಕೂಟದವರು ಕೊಟ್ಟಿದ್ದ ವಿಳಾಸಗಳಲ್ಲಿ ಅವರ ಹೆಸರು ಹಾಗೇ ಉಳಿದಿತ್ತು.

"ಭಾವ, ಬನ್ನಿ ಹೋಗೋಣ," ಎಂದು ಪಿಸುಗುಟ್ಟಿದೆ. ಬಾಗಿಲು ತೆರೆಯಿತು.

ಅವರ ಹೆಂಡತಿ ಪ್ರಮೀಳಕ್ಕ. ಮಂಗಳೂರಿನವರು. ನಮ್ಮ ಕೈಯಲ್ಲಿದ್ದ ಪ್ರಚಾರದ ಕಾಗದ ನೋಡಿದರು, ನಮ್ಮ ಮುಖ ನೋಡಿದರು. "ಬಲೆ, ಉಲಯಿ ಬಲೆ," ಎಂದು ತುಳುವಿನಲ್ಲಿ ಒಳಗೆ ಕರೆದರು. ಆಮೇಲೆ ನನಗಾಗಿ ಕನ್ನಡಕ್ಕೆ ಬಂದರು.

"ಓಟು ಕೇಳ್ಲಿಕ್ಕೆ ಬಂದದ್ದಾ? ನಂಗೆ ಓಟಿಲ್ಲ ಮಾರಾಯ್ರೆ. ಇಡೀ ಮನೆಯ ಮೆಂಬರ್‌ಶಿಪ್ ಅವರ ಹೆಸರಲ್ಲಿತ್ತು, ಅದನ್ನು ಕಟ್ಟಿದ್ರೆ ಇಬ್ರಿಗೂ ಓಟು. ಈ ವರ್ಷ ಯಾರೂ ಕೇಳ್ಲಿಲ್ಲ, ನಾನೂ ಕಟ್ಲಿಲ್ಲ."

ಪ್ರಚಾರ ನಿರ್ವಾಹಕನಾಗಿ ನಾನು ಗಡಿಯಾರ ನೋಡಿದೆ. ಒಂದು ಲೋಟ ನೀರು ಕುಡಿದು ಏಳಬಹುದಿತ್ತು. ಭಾವ ಏಳಲಿಲ್ಲ.

"ನಂಗೂ ಇಲ್ಲ ಪ್ರಮೀಳಕ್ಕ," ಎಂದರು. "ಈ ಕೂಟದ್ದು, ನಗರಸಭೆಯದ್ದು, ಕಾಲುವೆ ನೀರಿನದ್ದು ಬಿಟ್ರೆ ಎಲ್ಲಿಯೂ ಇಲ್ಲ."

ಪ್ರಮೀಳಕ್ಕ ನಕ್ಕರು. ಅಷ್ಟರಲ್ಲಿ ಒಂದು ವಿಮಾನ ಮನೆಯ ಮೇಲೆಯೇ ಇಳಿಯುವ ಹಾಗೆ ಗುಡುಗುತ್ತಾ ಹೋಯಿತು.

"ಮೊದಲೆಲ್ಲ ಇದಕ್ಕೆ ಬೈತಾ ಇದ್ದೆ, ಮಾತಿನ ಮಧ್ಯ ಬರ್ತದೆ ಅಂತ," ಎಂದರು ಅವರು. "ಈಗ ಮಧ್ಯ ಬರ್ಲಿಕ್ಕೆ ಮಾತೇ ಇಲ್ಲ. ಸುರುವಿಗೆ ಎಲ್ಲರೂ ಬಂದ್ರು. ಆದ್ರೆ ಬಂದವರು ಅವರ ವಿಷಯ ತೆಗೀಬಾರ್ದು ಅಂತ ಜಾಗ್ರತೆಯಲ್ಲಿ ಕೂರ್ತಾರೆ, ಚಾ ಕುಡೀತಾರೆ, ಎದ್ದು ಹೋಗ್ತಾರೆ. ತಪ್ಪು ಅಂತ ಅಲ್ಲ. ಅವರಾದ್ರೂ ಎಂತ ಮಾತಾಡುದು?" ಆಮೇಲೆ ಭಾವನ ಕಡೆ ತಿರುಗಿದರು. "ನೀವು ಯಾವಾಗಲೂ ಅಮೆರಿಕದ್ದು ಎಂತದ್ದೋ ಹೇಳ್ತಾ ಇದ್ರಲ್ಲ? ಅದನ್ನು ಹೇಳಿ. ಎಷ್ಟು ಹೊತ್ತು ಬೇಕಾದ್ರೂ ಹೇಳಿ."

ಎಷ್ಟು ಹೊತ್ತು ಬೇಕಾದರೂ! ಭಾವನಿಗೆ ಜನ್ಮದಲ್ಲಿ ಯಾರೂ ಆಡದ ಮಾತು. ಜಗತ್ತೆಲ್ಲ "ಸಾಕು ಮಾಡಿ" ಎನ್ನುತ್ತಿದ್ದ ಮನುಷ್ಯ ಮೇಜಿನ ಮೇಲಿದ್ದ ಲೋಟಗಳನ್ನು ಸುಮ್ಮನೆ ಆಚೀಚೆ ಸರಿಸಿದರು. ಆಮೇಲೆ ಮೆಲ್ಲಗೆ, "ಇದು ಓಹಾಯೋ ಅಂತ ಇಟ್ಕೊಳ್ಳಿ," ಎಂದು ಶುರುಮಾಡಿದರು.

ಮೊಟ್ಟೆ ಬಂತು, ಹಾಲು ಬಂತು. ತಿಂದುಹೋದ ಫ್ಲೋರಿಡಾ ಬಂತು. ಟ್ರಾಮಿನ ಮುದುಕ ಎರಡೂ ಕೈ ಎತ್ತಿದ್ದನ್ನು ಭಾವ ಎದ್ದು ನಿಂತು ಅಭಿನಯಿಸಿದಾಗ ಪ್ರಮೀಳಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಾ ಕಣ್ಣೊರೆಸಿಕೊಂಡರು. ಒರೆಸಿದಷ್ಟೂ ಕಣ್ಣು ತುಂಬಿ ಬಂತು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ. ನನಗೆ ಗಾಬರಿಯಾಗಿ ಭಾವನ ತೋಳು ಹಿಡಿದೆ. ಭಾವ ಮಾತು ನಿಲ್ಲಿಸಲಿಲ್ಲ. ಅವರ ಮುಖ ನೋಡದೆ, ಕಿಟಕಿಯ ಕಡೆ ತಿರುಗಿ, ಅರಿಜೋನಾದ ಬಿಸಿಲು, ಅಲ್ಲಿನ ಹೊಸ ಬಡಾವಣೆಗಳು, ಅಲ್ಲಿಗೆ ಬಂದು ನೆಲೆಸಿದ ನಿವೃತ್ತರು, ಅವರು ಯಾಕೆ ಆಚೀಚೆ ಓಲಾಡುತ್ತಾರೆ ಎಂದು ಒಂದೇ ಸ್ವರದಲ್ಲಿ ಹೇಳುತ್ತಲೇ ಹೋದರು. ಆ ಮಾತಿನ ಮರೆಯಲ್ಲಿ ಪ್ರಮೀಳಕ್ಕ ಬಹಳ ಹೊತ್ತು ಅತ್ತರು. ಯಾರೂ ಅವರಿಗೆ ಸಮಾಧಾನ ಹೇಳಲಿಲ್ಲ, ಯಾರೂ ಗಾಬರಿಯಿಂದ ಎದ್ದು ಹೋಗಲೂ ಇಲ್ಲ.

ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು, "ಮತ್ತೆ ಅರಿಜೋನಾ ಎಂತ ಆಯ್ತು?" ಎಂದು ಕೇಳಿದರು.

ನನ್ನ ಫೋನು ವೂರ್‌ಬರ್ಗಿನಿಂದ ಮತ್ತೆ ಮತ್ತೆ ಬಡಿದುಕೊಳ್ಳುತ್ತಿತ್ತು. ಭಾವ ಮಾತಿನ ಮಧ್ಯೆಯೇ ಅದನ್ನು ಆರಿಸುವಂತೆ ಕೈಸನ್ನೆ ಮಾಡಿದರು.

ಹೊರಗೆ ಬಂದಾಗ ಬೀದಿದೀಪ ಹತ್ತಿತ್ತು. "ಈಗಲೂ ವೂರ್‌ಬರ್ಗಿಗೆ ಹೋಗಬಹುದು ಭಾವ," ಎಂದೆ ಕಾರು ಚಾಲೂ ಮಾಡುತ್ತಾ.

"ಬಜೆ ತ್ಯಾಂಪಾಗಿ ಮೆತ್ತಗಾಗಿರ್ತದೆ. ಮನೆಗೆ ನಡಿ."

"ಅವರಿಗೆ ಕಾರಣನಾದ್ರೂ ಹೇಳ್ತೀನಿ. ಅರ್ಥ ಮಾಡ್ಕೋತಾರೆ."

"ಏ, ಬೇಡ," ಎಂದರು ಭಾವ ತಟ್ಟನೆ. "ಆ ಹೆಂಗಸಿನ ದುಃಖ ನನ್ನ ಪ್ರಚಾರಕ್ಕಾ?"

ಸರಿ, ಚುನಾವಣೆಯ ದಿನ ಬಂತು. ಸಮುದಾಯ ಭವನದ ಹಾಲಿನಲ್ಲಿ ಕೈ ಎತ್ತಿ ಮತದಾನ. ವೂರ್‌ಬರ್ಗ್ ಸಾರಾಸಗಟಾಗಿ ಶೈಲಜಾ ಮೇಡಂ ಕಡೆ ಕೈ ಎತ್ತಿತು. "ನಾವು ಹೇಗೂ ಇದ್ದೇವೆ ಅಂತ ಗ್ರಹಿಸಿದ್ರಲ್ಲ, ಅದಕ್ಕೇ!" ಎಂದು ಅಲ್ಲಿನ ಹಿರಿಯರೊಬ್ಬರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಭಾವ ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮ್ಸ್ಟೆಲ್‌ವೀನ್ ಪುಡಿಯ ಸಿಟ್ಟು ಮರೆತಿರಲಿಲ್ಲ. ಪೆನ್ಸಿಲ್ವೇನಿಯಾವನ್ನು ಮಾತ್ರ ಭಾವ ಗೆದ್ದರು, ಏನು ಪ್ರಯೋಜನ? ಆದರೆ ಹಾಲಿನಲ್ಲಿ ಗುಸುಗುಸು ಎದ್ದದ್ದು ಇದ್ಯಾವುದಕ್ಕೂ ಅಲ್ಲ. ಶೈಲಜಾ ಮೇಡಂ ಪರ ಎತ್ತಿದ ಕೈಗಳ ನಡುವೆ, ಬಳೆ ಸಮೇತ, ನನ್ನ ಅಕ್ಕನ ಕೈಯೂ ಇತ್ತು!

"ಅಕ್ಕಾ!" ಎಂದೆ.

"ಏನು ಅಕ್ಕ? ಇವ್ರು ಗೆದ್ರೆ ಪ್ರತಿ ಹಬ್ಬಕ್ಕೂ ಭಾಷಣ. ಜನರ ಮೇಲೆ ಕರುಣೆ ಬೇಡ್ವಾ?" ಕೈ ಇಳಿಸದೆಯೇ ಹೇಳಿದಳು. "ಅಷ್ಟಕ್ಕೂ, ಊರೆಲ್ಲಾ ಓಟು ಕೇಳಿದ್ರು. ನನ್ನನ್ನ ಕೇಳಿದ್ರಾ?"

ಭಾವ ಹೆಂಡತಿಯ ಕಡೆ ತಿರುಗಿದರು. ವಿಸ್ಕಾನ್ಸಿನ್ನಿನ ಆ ಮುದುಕನ ಹಾಗೆ ಕೈ ಎತ್ತಲಿಲ್ಲ. "ಇಲ್ಲ, ಕೇಳ್ಲಿಲ್ಲ," ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು.

ಆಮೇಲೆ, ಸೋತವರು ಗೆದ್ದವರನ್ನು ಅಭಿನಂದಿಸುವುದು ಅಮೆರಿಕದ ಪದ್ಧತಿ ಎಂದು ವೇದಿಕೆ ಹತ್ತಿದರು. ಗೆದ್ದವರು ಎರಡು ಮಾತಿನಲ್ಲಿ ಮುಗಿಸಿದ್ದರು. ಸೋತವರ ಭಾಷಣಕ್ಕೆ ಬಿಸಿಬೇಳೆಬಾತು ಆರಿ ಗಟ್ಟಿಯಾಯಿತು. ಕೊನೆಯಲ್ಲಿ ಮಾತ್ರ ಭಾವ ಒಂದು ಕೋರಿಕೆ ಇಟ್ಟರು. ಕೂಟದ ಸದಸ್ಯತ್ವ ಇನ್ನು ಮುಂದೆ ಗಂಡನ ಹೆಸರಿನಲ್ಲಿ ಮಾತ್ರ ಇರಬಾರದು, ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು, ಒಬ್ಬರಿಲ್ಲವಾದರೂ ಇನ್ನೊಬ್ಬರದ್ದು ತಾನಾಗಿ ಮುಂದುವರಿಯಬೇಕು. ಯಾಕೆ ಎಂದು ಹೇಳಲಿಲ್ಲ. ಇದೂ ಅಮೆರಿಕದ್ದೇ ಏನೋ ಇರಬೇಕೆಂದು ಜನ ಚಪ್ಪಾಳೆ ತಟ್ಟಿದರು. ಶೈಲಜಾ ಮೇಡಂ ಮಾತ್ರ ಭಾವನನ್ನು ಒಂದು ಕ್ಷಣ ದಿಟ್ಟಿಸಿ, "ಇವತ್ತಿಂದಲೇ ಮಾಡೋಣ ಸಾರ್," ಎಂದರು.

ಮುಂದಿನ ಭಾನುವಾರ ಊಟ ಮುಗಿಸಿ ಅಡ್ಡಾಗಿದ್ದೆ. ಭಾವನ ಫೋನು.

"ಕಾರು ತೆಗಿ. ಬಾಡ್‌ಹೂವೆಡಾರ್ಪಿಗೆ ಹೋಗುವ."

"ಎಲೆಕ್ಷನ್ ಮುಗೀತಲ್ಲ ಭಾವ?"

"ಅದಕ್ಕೇ ಹೋಗುದು ಮಾರಾಯ," ಎಂದರು. "ಮುಗಿದ ಮೇಲೆ ಬಾಗಿಲಿಗೆ ಯಾರೂ ಬರುದಿಲ್ಲ ಅಂತ ಅಲ್ವಾ ಜನ ಬೇಸರಪಟ್ಟು ಪಕ್ಷ ಬಿಡುದು?"

ಅವರ ಮನೆಯ ಕೆಳಗೆ ಕಾರು ನಿಲ್ಲಿಸಿದೆ. ಭಾವ ಬಂದು ಮುಂದಿನ ಸೀಟಿನಲ್ಲಿ ಕೂತರು. ಹಿಂದೆಯೇ, ಬಿಸಿ ಬಿಸಿ ಕೋಡುಬಳೆಯ ಸ್ಟೀಲ್ ಡಬ್ಬಿಯನ್ನು ಸೆರಗಿನಲ್ಲಿ ಹಿಡಿದುಕೊಂಡು ಅಕ್ಕನೂ ಇಳಿದು ಬಂದಳು. ಇನ್ನೂ ತಿರುವು ದಾಟಿರಲಿಲ್ಲ, ಭಾವ ನನ್ನ ಕಡೆ ಹೊರಳಿ, "ಈಗ ಜಾರ್ಜಿಯಾ ನೋಡು..." ಎಂದು ಶುರುಮಾಡಿದರು.

"ರೀ," ಎಂದಳು ಅಕ್ಕ ಹಿಂದಿನ ಸೀಟಿನಿಂದ, ಅವರ ಭುಜದ ಮೇಲೆ ಕೈಯಿಟ್ಟು. "ಇಲ್ಲೇ ಎಲ್ಲಾ ಮಾತಾಡಿ ಮುಗಿಸ್ಬೇಡಿ. ಅಲ್ಲಿ ಪ್ರಮೀಳಕ್ಕ ಕಾಯ್ತಿರ್ತಾರೆ."